ಕಚ್ಚಿದವರು ಯಾರು?

2024ರ ರಮಝಾನಿನ ಮೊದಲ ವಾರ. ಹುಬ್ಬಳ್ಳಿಯಲ್ಲಿರುವ ನಮ್ಮ ಅಣ್ಣನ ಮಗನ ಮನೆಯಲ್ಲಿ, ಅಸರ್ ನಮಾಝಿನ ಹೊತ್ತಿಗೆ, ಅವನು ಸಾಕಿದ ನಾಯಿ ಪಕ್ಕದ ಮನೆಯ ಏಳು ವರ್ಷದ ಹುಡುಗನ ಕೈ ಕಚ್ಚಿತು. ಆಡುತ್ತಿದ್ದ ಹುಡುಗನ ಚೆಂಡು ಬಾಲ್ಕನಿಯ ಬೆಂಚಿನ ಕೆಳಗೆ ಉರುಳಿತ್ತು. ಅಲ್ಲಿ ನಾಯಿ ಮಲಗಿತ್ತು. ಹುಡುಗ ಬಗ್ಗಿ ಕೈ ಹಾಕಿದ. ನಾಯಿ ಗುರ್ರೆನ್ನಲಿಲ್ಲ, ಬೊಗಳಲಿಲ್ಲ, ನೇರ ಕಚ್ಚಿತು ಎಂದು ನೋಡಿದವರು ಹೇಳಿದರು. ನಲ್ಲಿಯ ಕೆಳಗೆ ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು, ಆಸ್ಪತ್ರೆಗೆ ಓಡಿ, ಲಸಿಕೆ ಹಾಕಿಸಿದ್ದಾಯಿತು. ನಾಯಿಗೂ ಲಸಿಕೆ ಆಗಿದ್ದದ್ದು ಎಲ್ಲರ ಪುಣ್ಯ.

ಆ ಭಾನುವಾರ ಕಟ್ಟಡದವರೆಲ್ಲ ಕೆಳಗೆ ಸೇರಿದರು. ವಿಷಯ ತಿಳಿದು ನಾವೂ ಊರಿನಿಂದ ಹೋಗಿದ್ದೆವು. ಪಿಟ್‌ಬುಲ್, ರಾಟ್‌ವೈಲರ್ ಮೊದಲಾದ ಇಪ್ಪತ್ತಮೂರು ಬಗೆಯ ನಾಯಿಗಳನ್ನು ನಿಷೇಧಿಸಬೇಕೆಂದು ಕೇಂದ್ರ ಸರಕಾರ ಸುತ್ತೋಲೆ ಹೊರಡಿಸಿದ್ದೂ ಅದೇ ವಾರ. ಒಬ್ಬರು ಮೊಬೈಲಿನಲ್ಲಿ ಆ ಪಟ್ಟಿಯನ್ನು ಓದುತ್ತ ಹೋದರು. ನಮ್ಮ ಹುಡುಗನ ಮನೆಯಲ್ಲಿದ್ದುದು ಮುಧೋಳ ನಾಯಿ. ಅದರ ಹೆಸರು ಪಟ್ಟಿಯಲ್ಲಿರಲಿಲ್ಲ. "ಹೆಸರ ಇಲ್ದಿದ್ರ ಏನಾತ್ರಿ, ಆ ಜಾತೀನ ಹಂಗ" ಎಂದರು ಹಿರಿಯರೊಬ್ಬರು. ಎಲ್ಲರೂ ತಲೆಯಾಡಿಸಿದರು. ನಾವೂ ಆಡಿಸಿದೆವು. ಆ ಗಳಿಗೆಯಲ್ಲಿ ಅದು ಎಲ್ಲರಿಗೂ ಅನುಕೂಲವಾದ ಮಾತಾಗಿತ್ತು. ಹುಡುಗನ ತಂದೆಗೆ ಸಮಾಧಾನ, ನಮ್ಮ ಮನೆಯವರಿಗೆ ಬಿಡುಗಡೆ.

ರಾತ್ರಿ ಬಸ್ಸಿನಲ್ಲಿ ಮರಳುವಾಗ ಆ ಮಾತು ಕೊರೆಯತೊಡಗಿತು. ಒಬ್ಬ ಏನೋ ಮಾಡಿದರೆ ಅವನ ಕುಲವನ್ನೆಲ್ಲ ಎಳೆದು ತಂದು "ಅವರೇ ಹಾಗೆ" ಎನ್ನುವ ಮಾತಿನ ರುಚಿ ನಮಗೆ ಚೆನ್ನಾಗಿ ಗೊತ್ತು. ಹಾಗೆಂದು ಮನುಷ್ಯರನ್ನು ನಾಯಿಗೆ ಹೋಲಿಸಿ ಕಣ್ಣೀರು ಹಾಕುವುದು ನಮ್ಮ ಉದ್ದೇಶವಲ್ಲ. ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಮನುಷ್ಯರಲ್ಲಿ ತಳಿಗಳಿಲ್ಲ, ನಾಯಿಗಳಲ್ಲಿವೆ. ಮುಧೋಳ ನಾಯಿ ಓಡುವ ಪ್ರಾಣಿಯನ್ನು ಕಂಡರೆ ಬೆನ್ನಟ್ಟುತ್ತದೆ, ಅಪರಿಚಿತರು ಮುಟ್ಟುವುದನ್ನು ಸಹಿಸುವುದಿಲ್ಲ ಎಂದರೆ ಅದು ಅಪವಾದವಲ್ಲ, ನಿಜ. ಆದರೆ ಆ ಗುಣ ಅದರಲ್ಲಿ ಹೇಗೆ ಬಂತು? ಯಾವ ಗಂಡನ್ನು ಯಾವ ಹೆಣ್ಣಿಗೆ ಕೂಡಿಸಬೇಕು, ಯಾವ ಮರಿಯನ್ನು ಇಟ್ಟುಕೊಳ್ಳಬೇಕು ಎಂದು ನೂರಾರು ವರ್ಷ ಆರಿಸಿದವರು ಮನುಷ್ಯರೇ. ಹೀಗಿರುವಾಗ 'ಅದರ ಜಾತಿಯೇ ಹಾಗೆ' ಎಂಬ ಮಾತು ಹೊಣೆಯನ್ನು ನಮ್ಮಿಂದ ಕಳಚುತ್ತದೆಯೋ ಅಥವಾ ನಮ್ಮ ಹೆಗಲಿಗೇ ಮರಳಿ ತಂದು ಹಾಕುತ್ತದೆಯೋ?

ನಮ್ಮ ಕನ್ನಡದಲ್ಲಿ ಬೆಲೆಬಾಳುವ ನಾಯಿಗೆ 'ಜಾತಿ ನಾಯಿ' ಎನ್ನುತ್ತಾರೆ, ಬೀದಿಯದಕ್ಕೆ 'ಕಂತ್ರಿ ನಾಯಿ'. ಉರ್ದುವಿನಲ್ಲಿ ನಾವು 'ನಸ್ಲೀ' ಎನ್ನುತ್ತೇವೆ. ಎರಡು ಭಾಷೆಯಲ್ಲೂ ವಂಶಕ್ಕೇ ಬೆಲೆ. ಮುಧೋಳ ನಾಯಿಯ ಕತೆಯನ್ನೇ ನೋಡಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಅಲ್ಲಿನ ಮರಿಗಳು ಸೈನ್ಯದ ತರಬೇತಿಗೆ ಮೀರತ್‌ಗೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ತಮ್ಮ ರೇಡಿಯೋ ಭಾಷಣದಲ್ಲಿ ದೇಶಿ ನಾಯಿಗಳನ್ನು ಸಾಕಿರೆಂದು ಹೇಳುತ್ತ ಇದರ ಹೆಸರನ್ನೂ ಹೇಳಿದರು. ನಮಗೂ ಹೆಮ್ಮೆಯೇ, ನಮ್ಮ ಸೀಮೆಯ ನಾಯಿ. ಆದರೆ ಇದರ ಇನ್ನೊಂದು ಹೆಸರು 'ಕಾರವಾನ್'. ಪಾರಸಿ ಪದ. ರೇಷ್ಮೆಯಂಥ ಕೂದಲಿನದಕ್ಕೆ 'ಪಶ್ಮಿ' ಎನ್ನುತ್ತಾರೆ, ಅದೂ ಪಾರಸಿಯೇ. ಪಶ್ಚಿಮ ಏಷ್ಯಾದಿಂದ ದಖ್ಖನ್ನಿಗೆ ಬಂದ ವ್ಯಾಪಾರಿಗಳ, ಸೈನಿಕರ ಜೊತೆಯಲ್ಲಿ ಇದರ ಪೂರ್ವಜರು ಬಂದು ಇಲ್ಲಿಯ ನಾಯಿಗಳೊಂದಿಗೆ ಬೆರೆತರೆಂದು ಹೇಳುತ್ತಾರೆ. ಕೃಷ್ಣೆ, ಘಟಪ್ರಭೆಯ ನೀರು ಕುಡಿದು, ಕುರಿಗಾರರ ಹಟ್ಟಿಯಲ್ಲಿ ಬೆಳೆದು ಇಲ್ಲಿಯದೇ ಆಯಿತು. ಎಷ್ಟು ತಲೆಮಾರಿಗೆ ಒಂದು ಪ್ರಾಣಿ 'ದೇಶಿ'ಯಾಗುತ್ತದೆ ಎಂಬ ಲೆಕ್ಕವನ್ನು ಯಾರೂ ನಾಯಿಗೆ ಕೇಳಲಿಲ್ಲವಲ್ಲ, ಅಷ್ಟಕ್ಕೆ ಸಂತೋಷ.

ಶುದ್ಧ ವಂಶದ ಹುಚ್ಚು ನಾಯಿಗೆ ಮಾಡಿದ ಉಪಕಾರ ಅಷ್ಟಕ್ಕಷ್ಟೆ. ಚುಕ್ಕೆ ಚುಕ್ಕೆಯ ಡಾಲ್ಮೇಷಿಯನ್ ನಾಯಿಯನ್ನು ನಮ್ಮ ಮಕ್ಕಳು ಸಿನಿಮಾದಲ್ಲಿ ಕಂಡಿದ್ದಾರೆ. ಚುಕ್ಕೆ ಎದ್ದು ಕಾಣಬೇಕೆಂದು ಆರಿಸುತ್ತ ಹೋದವರ ಕೈಯಲ್ಲಿ ಆ ಇಡೀ ತಳಿಗೆ ಯೂರಿಕ್ ಆಮ್ಲದ ದೋಷ ಅಂಟಿಕೊಂಡಿತು, ಮೂತ್ರದಲ್ಲಿ ಹರಳು ಕಟ್ಟುವ ಕಾಯಿಲೆ. 1973ರಲ್ಲಿ ಅಮೆರಿಕದ ಒಬ್ಬ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯೊಂದಿಗೆ ಬೆರೆಸಿ, ಮುಂದಿನ ಪೀಳಿಗೆಗಳನ್ನು ಮತ್ತೆ ಡಾಲ್ಮೇಷಿಯನ್ ಜೊತೆಗೇ ಕೂಡಿಸಿ, ಆ ದೋಷವಿಲ್ಲದ ಮರಿಗಳನ್ನು ಪಡೆದರು. ರೋಗ ಹೋಯಿತು, ಚುಕ್ಕೆ ಉಳಿಯಿತು. ಆದರೂ ಅಮೆರಿಕದ ಕೆನಲ್ ಕ್ಲಬ್ಬು ಆ ಸಂತತಿಯನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳಲು 2011ರವರೆಗೆ ಕಾಯಿಸಿತು. ಮೂವತ್ತೆಂಟು ವರ್ಷ! ಹಲವು ಪೀಳಿಗೆಗಳ ಹಿಂದೆ ಸೇರಿದ ಒಂದು ಹನಿ ಪರರಕ್ತಕ್ಕೆ ಅಷ್ಟು ಅಂಜಿಕೆ.

ಇದೆಲ್ಲ ದೂರದ ಮಾತು. ನಮ್ಮ ಪಾಲಿನದನ್ನು ಹೇಳಬೇಕು.

2021ರ ಡಿಸೆಂಬರಿನಲ್ಲಿ ಅಣ್ಣನ ಮಗ ನಮಗೆ ಫೋನು ಮಾಡಿ, "ಚಾಚಾ, ನೀವು ಆ ಕಡೆಯವರು, ಒಂದು ಒಳ್ಳೆಯ ಮುಧೋಳ ಮರಿ ಕೊಡಿಸಿ" ಎಂದ. ಮುಧೋಳದ ಹತ್ತಿರದ ಹಳ್ಳಿಯೊಂದರಲ್ಲಿ ನಮಗೆ ಪರಿಚಯದ ಮುದುಕರೊಬ್ಬರಿದ್ದರು. ಕರೆದುಕೊಂಡು ಹೋದೆವು. ದನದ ಕೊಟ್ಟಿಗೆಯ ಮೂಲೆಯಲ್ಲಿ ತಾಯಿಯ ಮಗ್ಗುಲಲ್ಲಿ ಆರು ಮರಿಗಳಿದ್ದವು, ಐದು ವಾರದವು. ಮುದುಕರು ಕೊಡಲು ಒಪ್ಪಲಿಲ್ಲ. "ಇನ್ನೊಂದ ತಿಂಗಳ ತಾಯಿ ಕಡೆ ಇರ್ಲಿ ಬಿಡ್ರಿ ಸಾಹೇಬ್ರ. ಅವು ಒಂದಕ್ಕೊಂದು ಕಚ್ಚ್ಯಾಡಿ ಕಲೀಬೇಕು" ಎಂದರು. ಹುಡುಗನ ರಜೆ ಮುಗಿಯುತ್ತಿತ್ತು. ಮತ್ತೆ ಬರುವುದು ಕಷ್ಟ. ನಾವೇ ಹಳೆಯ ಸ್ನೇಹದ ಒತ್ತಾಯ ಹಾಕಿದೆವು. "ಮುತ್ಯಾ, ನಮ್ಮ ಮಾತಿಗರ ಕೊಡ್ರಿ" ಎಂದು ಕೈ ಹಿಡಿದೆವು. ಒಲ್ಲದ ಮನಸ್ಸಿನಿಂದ ಕೊಟ್ಟರು.

'ಕಚ್ಚಾಡಿ ಕಲಿಯಬೇಕು' ಎಂಬ ಮಾತನ್ನು ನಾವು ಹಳ್ಳಿಯವರ ಹೇಳಿಕೆ ಎಂದು ತೇಲಿಸಿಬಿಟ್ಟಿದ್ದೆವು. ಆಮೇಲೆ ಓದಿದಾಗ ತಿಳಿಯಿತು. ಮರಿ ತನ್ನ ಒಡಹುಟ್ಟಿದವರನ್ನು ಜೋರಾಗಿ ಕಚ್ಚಿದರೆ ಅದು ಕುಂಯ್ ಎಂದು ಆಟ ನಿಲ್ಲಿಸುತ್ತದೆ. ತಾಯಿಗೆ ಹಲ್ಲು ತಾಗಿದರೆ ಅವಳು ಎದ್ದು ಹೋಗುತ್ತಾಳೆ. ಹಲ್ಲನ್ನು ಎಷ್ಟು ಊರಬೇಕು, ಎಲ್ಲಿ ಬಿಡಬೇಕು ಎಂಬ ಅಳತೆ ಬರುವುದು ಹಾಗೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ನಾಯಿಯ ಇಡೀ ಬಾಳನ್ನು ರೂಪಿಸುತ್ತದೆ ಎಂದು ತೋರಿಸಿದ್ದರು. ನಮ್ಮ ದೇಶದ ಕಾನೂನೂ ಕುರುಡಲ್ಲ. 2017ರ ನಾಯಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣಿನಿಂದ ಮರಿ ಹಾಕಿಸುವಂತಿಲ್ಲ, ಅದರ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ಮುದುಕರಿಗೆ ಈ ನಿಯಮ ಗೊತ್ತಿರಲಿಕ್ಕಿಲ್ಲ, ಧರ್ಮ ಗೊತ್ತಿತ್ತು. ಓದು ಬರಹ ಬಲ್ಲ ನಾವು ಎರಡನ್ನೂ ಮುರಿಸಿದೆವು.

ಮರಿಗೆ ರಾಕಿ ಎಂದು ಹೆಸರಾಯಿತು. ಎರಡನೆಯ ಮಹಡಿಯ ಮನೆ. ನಮ್ಮ ಅತ್ತಿಗೆ ನಮಾಝಿನ ಶುದ್ಧಿಯ ಪ್ರಶ್ನೆ ಎತ್ತಿದರು. ನಾಯಿಯ ಜೊಲ್ಲು ನಜಿಸ್, ಮುಟ್ಟಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ನಾಯಿಯಿರುವ ಮನೆಗೆ ದೇವದೂತರು ಬರುವುದಿಲ್ಲ. ಈ ಹದೀಸುಗಳೆಲ್ಲ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಬೇಟೆಗೆ, ಮಂದೆಗೆ, ಹೊಲದ ಕಾವಲಿಗೆ ನಾಯಿ ಇಡಬಹುದೆಂಬ ವಿನಾಯಿತಿ ಇದೆ, ಆದರೆ ಹುಬ್ಬಳ್ಳಿಯ ಫ್ಲ್ಯಾಟಿನಲ್ಲಿ ಯಾವ ಮಂದೆ? ಕೊನೆಗೆ ರಾಜಿಯಾಯಿತು. ನಾಯಿ ಬಾಲ್ಕನಿ ದಾಟಬಾರದು. ಮೂರು ಅಡಿ ಸರಪಳಿ. ಶುದ್ಧಿಯ ಮಸಲೆಯನ್ನು ಊರಿನ ಮೌಲವಿಗಳಿಗೆ ಫೋನು ಮಾಡಿ ಕೇಳಿದೆವು. ಮೊಲವನ್ನು ಬಯಲಲ್ಲಿ ಬೆನ್ನಟ್ಟಲೆಂದೇ ಮೈ ಪಡೆದ ಪ್ರಾಣಿಯನ್ನು ದಿನಕ್ಕೆ ಇಪ್ಪತ್ತೆರಡು ಗಂಟೆ ಕಟ್ಟಿಡಬಹುದೇ ಎಂಬ ಮಸಲೆಯನ್ನು ಯಾರಿಗೂ ಕೇಳಲಿಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ತನ್ನ ಕಾಲ್ಚೀಲದಲ್ಲಿ ನೀರು ತಂದು ಕುಡಿಸಿ ಕ್ಷಮೆ ಪಡೆದವನ ಕತೆಯನ್ನು ಪ್ರತಿ ರಮಝಾನಿನಲ್ಲಿ ಹೇಳುತ್ತೇವೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹುಳಹುಪ್ಪಟೆ ಹಿಡಿದು ತಿನ್ನಲೂ ಬಿಡದೆ ಶಿಕ್ಷೆಗೊಳಗಾದ ಹೆಂಗಸಿನ ಕತೆ ಅಷ್ಟಾಗಿ ಕೇಳಿಬರುವುದಿಲ್ಲ. ಮೊದಲನೆಯದು ನಮ್ಮನ್ನು ಒಳ್ಳೆಯವರನ್ನಾಗಿ ಮಾಡುತ್ತದೆ, ಎರಡನೆಯದು ನಮ್ಮ ಬಾಲ್ಕನಿಯ ಕಡೆ ಕೈ ತೋರಿಸುತ್ತದೆ.

ನಾಯಿ ಬೆಳೆಯುತ್ತ ಬೆದರುಗಣ್ಣಿನದಾಯಿತು. ಊಟದ ತಟ್ಟೆಯ ಹತ್ತಿರ ಯಾರಾದರೂ ಬಂದರೆ, ಮಲಗಿದಾಗ ಮುಟ್ಟಿದರೆ ಗುರ್ರೆನ್ನುತ್ತಿತ್ತು. ತರಬೇತಿ ಕೊಡುವವನೊಬ್ಬನನ್ನು ಕರೆಸಿದರು. ಅವನ ವಿದ್ಯೆಯೆಲ್ಲ ಒಂದೇ ಸೂತ್ರದಲ್ಲಿತ್ತು. ನಾಯಿ ತೋಳದ ವಂಶ, ತೋಳಗಳ ಗುಂಪಿಗೆ ಒಬ್ಬ ಯಜಮಾನ, ನೀವೇ ಯಜಮಾನರೆಂದು ತೋರಿಸಿ. ಗುರ್ರೆಂದಾಗ ಕೊರಳ ಪಟ್ಟಿ ಬಿಗಿದು ಎಳೆಯಬೇಕು, ನೆಲಕ್ಕೆ ಒತ್ತಿ ಹಿಡಿಯಬೇಕು. ಈ ಯಜಮಾನ ತತ್ವದ ಮೂಲ 1947ರಲ್ಲಿ ಶೆಂಕೆಲ್ ಎಂಬವರು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದ ಪ್ರಬಂಧ. ಆವರಣದಲ್ಲಿ ಕೂಡಿಹಾಕಿದ ತೋಳಗಳು ಸ್ಥಾನಕ್ಕಾಗಿ ಕಾದಾಡಿದವು. ಸೆರೆಮನೆ ನೋಡಿ ಸಂಸಾರದ ಬಗ್ಗೆ ಬರೆದಂತೆ. ಆ ಮಾತನ್ನು 1970ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ ಮುಂದೆ ಕಾಡಿನ ತೋಳಗಳನ್ನು ಹಲವು ಬೇಸಿಗೆ ಗಮನಿಸಿ, ಅಲ್ಲಿ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಕುಟುಂಬವಷ್ಟೇ ಎಂದು 1999ರಲ್ಲಿ ತಿದ್ದಿ ಬರೆದರು. ವಿಜ್ಞಾನಿ ತನ್ನ ಮಾತನ್ನು ಹಿಂತೆಗೆದುಕೊಂಡರೂ ನಮ್ಮ ಕೈಯ ಬೆತ್ತ ಹಿಂದೆ ಸರಿಯಲಿಲ್ಲ. ತರಬೇತಿ ಫಲಿಸಿತು ಎಂದೇ ಎಲ್ಲರೂ ತಿಳಿದರು. ನಾಯಿ ಗುರ್ರೆನ್ನುವುದನ್ನು ಬಿಟ್ಟಿತು. ಬಿಟ್ಟದ್ದು ಎಚ್ಚರಿಕೆ ಕೊಡುವುದನ್ನು ಮಾತ್ರ. ಹೆದರಿಕೆ ಒಳಗೇ ಇತ್ತು. ಅದೊಂದು ಗುರ್ರ್ ಉಳಿದಿದ್ದರೆ ಹುಡುಗ ಆ ದಿನ ಕೈ ಹಿಂದೆಳೆದುಕೊಳ್ಳುತ್ತಿದ್ದನೇನೋ.

ನಾಯಿಯ ತರಬೇತಿ ನಮ್ಮ ಹಿರಿಯ ವಿದ್ವಾಂಸರಿಗೆ ಹಗುರವಾದ ವಿಷಯವಾಗಿರಲಿಲ್ಲ. ಸೂರಾ ಮಾಯಿದಾದಲ್ಲಿ, ಅಲ್ಲಾಹನು ನಿಮಗೆ ಕಲಿಸಿದ್ದರಿಂದ ನೀವು ಕಲಿಸಿದ ಬೇಟೆಪ್ರಾಣಿ ಹಿಡಿದು ತಂದದ್ದನ್ನು ತಿನ್ನಬಹುದು ಎಂಬರ್ಥದ ಮಾತಿದೆ. ಕಲಿತ ನಾಯಿ ಎಂದರೆ ಯಾವುದು? ಕಳಿಸಿದಾಗ ಹೋಗಬೇಕು, ಕರೆದಾಗ ಬರಬೇಕು, ಹಿಡಿದದ್ದನ್ನು ತಾನು ತಿನ್ನಬಾರದು. ಮೂರು ಸಲ ತಿನ್ನದೆ ತಂದರೆ ಕಲಿತಂತೆ ಎಂದರು ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್. ಅವರ ಗುರು ಇಮಾಮ್ ಅಬೂ ಹನೀಫಾ ಎಣಿಕೆ ಹಾಕದೆ, ಅದು ಕಲಿತಿದೆಯೋ ಇಲ್ಲವೋ ಎಂಬುದನ್ನು ಬೇಟೆಗಾರನ ತೀರ್ಮಾನಕ್ಕೇ ಬಿಟ್ಟರು. ಇನ್ನೂ ಸೂಕ್ಷ್ಮವಾದ ಶರತ್ತು ಒಂದಿದೆ. ನಾಯಿ ತಾನಾಗಿ ಓಡಿ ಕೊಂದು ತಂದದ್ದು ಹಲಾಲ್ ಆಗುವುದಿಲ್ಲ. ಬಿಸ್ಮಿಲ್ಲಾ ಹೇಳಿ ಕಳಿಸಿದವನೊಬ್ಬ ಇರಬೇಕು. ಬಾಣ ಬಿಟ್ಟವನ ಹಾಗೆ, ನಾಯಿಯನ್ನು ಬಿಟ್ಟವನದೇ ಕೃತ್ಯ. ಒಳ್ಳೆಯ ಫಲ ಬಂದಾಗ ಕೃತ್ಯ ಕಳಿಸಿದವನದಾದರೆ, ಕೆಟ್ಟದ್ದಾದಾಗ ನಾಯಿಯದು ಹೇಗಾಗುತ್ತದೆ?

ಈಗಿನ ಕಾನೂನಿನ ಮಾತೂ ಇದೇ ಜಾಡಿನಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ, ಅದಕ್ಕೂ ಮೊದಲು ಹಳೆಯ ದಂಡಸಂಹಿತೆಯ 289ನೇ ಕಲಂ, ತನ್ನ ವಶದಲ್ಲಿರುವ ಪ್ರಾಣಿಯ ವಿಷಯದಲ್ಲಿ ಅಜಾಗ್ರತೆ ತೋರಿದವನನ್ನು ಹಿಡಿಯುತ್ತದೆ. ತಳಿ ಯಾವುದೆಂದು ಅದು ಕೇಳುವುದಿಲ್ಲ. ಆ ಇಪ್ಪತ್ತಮೂರರ ಸುತ್ತೋಲೆಯನ್ನು ನಮ್ಮ ಹೈಕೋರ್ಟ್, ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು, 2024ರ ಏಪ್ರಿಲ್‌ನಲ್ಲೇ ರದ್ದು ಮಾಡಿತು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ, ಒಂದು ನಾಯಿಗೂ ಇನ್ನೊಂದಕ್ಕೂ ವರ್ತನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ನೂರಕ್ಕೆ ಒಂಬತ್ತರಷ್ಟೇ ಎಂದು ಲೆಕ್ಕ ಹಾಕಿದೆ. ಉಳಿದದ್ದೆಲ್ಲ ಸಾಕಿದವರದೇ ಎಂದೇನೂ ಅದರ ಅರ್ಥವಲ್ಲ. ಆದರೆ ಕಟ್ಟಡದ ಕೆಳಗೆ ನಾವು ತಲೆಯಾಡಿಸಿದ್ದು ನೂರಕ್ಕೆ ನೂರಕ್ಕೆ.

ನಾಯಿಯನ್ನು ಹೆದ್ದಾರಿಯಲ್ಲಿ ಎಲ್ಲಾದರೂ ಬಿಟ್ಟುಬರುವ ಮಾತೂ ಮನೆಯಲ್ಲಿ ಬಂದಿತ್ತು. ಈದ್ ಕಳೆದ ಮೇಲೆ ನಾವು, ಅಣ್ಣನ ಮಗ ಇಬ್ಬರೂ ಅದನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಹಳ್ಳಿಗೆ ಹೋದೆವು. ಮರಳಿ ಒಪ್ಪಿಸಿ ಬರುವ ವಿಚಾರ. ಮುದುಕರು ನಾಯಿಯ ಕಡೆ ನೇರ ಬರಲಿಲ್ಲ. ಪಕ್ಕಕ್ಕೆ ಮುಖ ಮಾಡಿ ನೆಲದ ಮೇಲೆ ಕೂತು ಬೀಡಿ ಹಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಅದೇ ಹತ್ತಿರ ಹೋಗಿ ಮೂಸಿತು. ಅವರು ಕೊರಳ ಕೆಳಗೆ ಕೈಯಾಡಿಸಿ, ಸರಪಳಿ ತಿಕ್ಕಿ ಕೂದಲು ಹೋದ ಜಾಗ ನೋಡಿದರು. ಬೈಯಲಿಲ್ಲ. "ಇಲ್ಲಿ ಈಗ ಇದರ ಕುಲದ್ದು ನಾಕ ನಾಯಿ ಅದಾವ್ರಿ. ಇದನ್ನ ಹೊಸಬ ಅಂತ ಹರದ ಹಾಕ್ತಾವು. ನಿಮ್ಮ ಕೈಯಾಗ ಬೆಳದೈತಿ, ನೀವ ಓಡಸ್ರಿ" ಎಂದರು.

ಮರಳಿ ತಂದೆವು. ಈಗ ಅವನು ನೆಲಮಹಡಿಯ ಮನೆ ಹಿಡಿದಿದ್ದಾನೆ. ಫಜ್ರ್ ಮುಗಿಸಿ ಉದ್ದ ಹಗ್ಗ ಹಿಡಿದು ಊರ ಹೊರಗಿನ ಬಯಲಿಗೆ ಹೋಗುತ್ತಾನೆ, ಸಂಜೆ ಇನ್ನೊಮ್ಮೆ. ಮಕ್ಕಳು ಬಂದರೆ ಎತ್ತಿಗೆ ಹಾಕುವ ಬಾಯಿಕುಕ್ಕೆಯಂಥದ್ದನ್ನು ಹಾಕುತ್ತಾನೆ. ಗುರ್ರೆಂದರೆ ಯಾರೂ ಹೊಡೆಯುವುದಿಲ್ಲ, ದೂರ ಸರಿಯುತ್ತಾರೆ. ಹಾಗೆಂದು ಇನ್ನು ಕಚ್ಚುವುದಿಲ್ಲ ಎಂದು ಭರವಸೆ ಕೊಡುವ ಧೈರ್ಯ ಯಾರಿಗೂ ಇಲ್ಲ. ಹುಡುಗನ ತಾಯಿ ಎದುರಾದರೆ ಅತ್ತಿಗೆಯನ್ನು ಈಗಲೂ ಮಾತಾಡಿಸುವುದಿಲ್ಲ. ಅದು ಅವರ ಹಕ್ಕು.

ಆ ಮನೆಗೆ ನಾವು ಒಮ್ಮೆ ಹೋಗಿದ್ದೆವು. ಹುಡುಗನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಬಿಳಿ ಗುರುತುಗಳಿವೆ. ಐದು ವಾರದ ಮರಿಯನ್ನು ತಾಯಿಯಿಂದ ಬಿಡಿಸಿ ತಂದವರು ನಾವೇ, ತಪ್ಪು ನಮ್ಮದು ಎಂದು ಅವನ ತಂದೆಗೆ ಹೇಳಿದೆವು. ಅವರು ಸಜ್ಜನರು. "ನೀವ್ಯಾಕ್ರೀ ಸರ್, ಕಚ್ಚಿದ್ದು ನಾಯಿ ಅಲ್ಲೇನ್ರಿ" ಎಂದು ನಮ್ಮನ್ನೇ ಸಮಾಧಾನ ಮಾಡಿದರು. ಅದಕ್ಕೇನು ಹೇಳಬೇಕೆಂದು ತಿಳಿಯದೆ, ಕೊಟ್ಟ ಚಹಾ ಕುಡಿದು ಎದ್ದು ಬಂದೆವು.