ಟೈಮರ್ ತಿರುಗಿದರೆ ಬಟ್ಟೆ ಒಗೆದಂತಾಯಿತೇ?



ಕಮಲಾಪುರದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಚ್ಚಲಿನ ಪಕ್ಕದಲ್ಲಿ ಎರಡು ತೊಟ್ಟಿಯ ಹಳೆಯ ವಾಷಿಂಗ್ ಮೆಷಿನ್ ನಿಂತಿದೆ. ಬಣ್ಣ ಮಾಸಿದೆ, ಒಂದು ಮುಚ್ಚಳ ಸೀಳಿದೆ. ಕಲಬುರಗಿಯಲ್ಲಿ ನೌಕರಿ ಮಾಡುವ ಮಗ ಊರಿಗೆ ಬಂದಾಗಲೆಲ್ಲ ಹೇಳುತ್ತಾನೆ: "ಅವ್ವಾ, ಇದು ಗುಜರಿಗಿ ಹಾಕಮು. ಹೊಸಾದು ತರಮು. ಒಂದ್ ಬಟನ್ ಒತ್ತಿದ್ರ ಸಾಕು." ತಾಯಿ ಒಪ್ಪುವುದಿಲ್ಲ. "ಬ್ಯಾಡಪ್ಪಾ, ಇದು ಏನ್ ಮಾಡ್ತದ ಅಂತ ನನಗ ಕಾಣಸ್ತದ" ಎನ್ನುತ್ತಾಳೆ.

ಆ ಹಳೆಯ ಯಂತ್ರದ ಮೇಲೆ ಅಷ್ಟೊಂದು ಮಮತೆ ಏಕೆ? ಅದರಲ್ಲಿ ಗುಟ್ಟೇನೂ ಇಲ್ಲ. ನಲ್ಲಿ ಬಾರದ ದಿನ ಕೊಡದಿಂದ ನೀರು ಸುರಿದರೂ ನಡೆಯುತ್ತದೆ. ತಳದಲ್ಲಿ ಒಂದು ಬಿಲ್ಲೆ ಅತ್ತ ಇತ್ತ ತಿರುಗಿ ನೀರನ್ನು ಕಲಕುತ್ತದೆ. ಒಂದೇ ಸೋಪಿನ ನೀರಿನಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಹೊಲಕ್ಕೆ ಉಡುವ ಬಟ್ಟೆ. ಕಲಬುರಗಿ ಸೀಮೆಯ ಬೇಸಿಗೆ ಕಂಡವರಿಗೆ ಆ ಉಳಿತಾಯದ ಬೆಲೆ ಗೊತ್ತು. ಬೆಲ್ಟ್ ಸಡಿಲವಾದರೆ ಊರಿನ ಮೆಕ್ಯಾನಿಕ್ಕೇ ಹಿಂಬದಿಯ ಹಲಗೆ ಬಿಚ್ಚಿ ಬೇರೆ ಹಾಕುತ್ತಾನೆ. ತೆರೆದು ನೋಡಬಹುದಾದ್ದರಿಂದ ಅದನ್ನು ಸರಿಪಡಿಸಲೂಬಹುದು.

1767ರಲ್ಲಿ ಜರ್ಮನಿಯ ರೇಗನ್ಸ್‌ಬುರ್ಗ್ ನಗರದಲ್ಲಿ ಇಂಥ ಯಂತ್ರವೊಂದರ ವಿವರವನ್ನು ಅಚ್ಚು ಹಾಕಿಸಿದವರು ಯಾಕೋಬ್ ಕ್ರಿಸ್ಟಿಯಾನ್ ಷೇಫರ್. ಅವರು ಪ್ರೊಟೆಸ್ಟೆಂಟ್ ಸಭೆಯ ಒಬ್ಬ ಬೋಧಕರು! ಮರದ ತೊಟ್ಟಿ, ಒಳಗೆ ಕಲಕುವ ಕಡ್ಡಿಗಳು, ಮೇಲೆ ತಿರುಗಿಸುವ ಹಿಡಿ, ಇಷ್ಟೇ. ಕರೆಂಟು ಬಂದ ಮೇಲೂ ಒಗೆಯುವ ಮೂಲ ರೀತಿ ಅದೇ: ನೀರು, ಸಾಬೂನು, ಕಲಕುವಿಕೆ. ನಮ್ಮ ಆತ್ಮದ ಮಡಿಗೂ ಧರ್ಮಸಭೆ ತೋರಿಸಿರುವ ದಾರಿ ಇಷ್ಟೇ ಸರಳ: ಆತ್ಮಶೋಧನೆ, ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತ. ಇವುಗಳಲ್ಲಿ ಯಾವುದೂ ತಾನಾಗಿ ನಡೆಯುವುದಿಲ್ಲ.

ಹಳೆಯ ಯಂತ್ರದ ಮುಚ್ಚಳ ತೆರೆದರೆ ಕಪ್ಪು ನೀರು ಕಣ್ಣಿಗೆ ಕಾಣುತ್ತದೆ. ನಮ್ಮ ಬಟ್ಟೆಯಲ್ಲಿ ಇಷ್ಟೊಂದು ಕೊಳೆ ಇತ್ತೇ ಎಂದು ನಾವೇ ಬೆರಗಾಗುತ್ತೇವೆ. ಆತ್ಮಶೋಧನೆ ಎಂದರೆ ಹೀಗೆ ಮುಚ್ಚಳ ತೆರೆದು ನೋಡುವುದು. "ಏನೋ ಸಣ್ಣಪುಟ್ಟ ತಪ್ಪು, ಸ್ವಾಮಿ" ಎಂದು ಮುಚ್ಚಿಬಿಟ್ಟರೆ ಕೊಳೆ ಒಳಗೇ ಉಳಿಯುತ್ತದೆ.

ಇನ್ನೊಂದು ಸಂಗತಿಯನ್ನು ನೀವು ಗಮನಿಸಿರಬಹುದು. ಈ ಯಂತ್ರದ ಟೈಮರ್ ಗಡಿಯಾರದಂತೆ ಸ್ಪ್ರಿಂಗಿನಿಂದ ನಡೆಯುತ್ತದೆ. ಕರೆಂಟು ಹೋದರೂ ಅದು ಟಿಕ್ ಟಿಕ್ ಎಂದು ತಿರುಗುತ್ತಲೇ ಇರುತ್ತದೆ. ಹದಿನೈದು ನಿಮಿಷ ಮುಗಿಯಿತೆಂದು ಬಂದು ನೋಡಿದರೆ ಬಟ್ಟೆ ಇಟ್ಟಲ್ಲೇ ನೆನೆಯುತ್ತಿದೆ! ಸಹೋದರರೇ, ನಮ್ಮ ಬಾಳೂ ಹೀಗಾಗಿಲ್ಲವೇ? ಇಪ್ಪತ್ತು ವರ್ಷ ಭಾನುವಾರದ ಬಲಿಪೂಜೆ ತಪ್ಪಿಸಿಲ್ಲ, ಜಪಸರ ತಪ್ಪಿಸಿಲ್ಲ. ಆದರೆ ಹೊಲದ ಬದುವಿಗಾಗಿ ಅಣ್ಣನೊಡನೆ ಮಾತು ಬಿಟ್ಟು ಅದೇ ಇಪ್ಪತ್ತು ವರ್ಷ. ಟೈಮರ್ ತಿರುಗಿದೆ, ಬಟ್ಟೆ ಒಗೆದಿಲ್ಲ. ಕಾಣಿಕೆ ತಂದವನು ಅದನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಂಧಾನವಾಗಲಿ ಎಂದು ಪ್ರಭು ಯೇಸು ಬೋಧಿಸಿದ್ದು ನಮಗಾಗಿಯೇ.

ಕಮಲಾಪುರದವರಿಗೆ ಬಾಳೆಯ ಕರೆಯ ಬಗ್ಗೆ ಹೇಳಬೇಕಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಲ್ಲಿನ ಕೆಂಪು ಬಾಳೆಯ ಹಣ್ಣು ಎಷ್ಟು ರುಚಿಯೋ, ಬಾಳೆಯ ಸೊನೆ ಬಟ್ಟೆಗೆ ಅಷ್ಟೇ ಶತ್ರು. ಒಣಗಿ ಕಂದಾಯಿತೆಂದರೆ ಹಳೆಯ ಯಂತ್ರವೂ ತೆಗೆಯದು, ಹೊಸದೂ ತೆಗೆಯದು. ನಮ್ಮಲ್ಲೂ ಅಂಥ ಕರೆಗಳಿವೆ. ನಾವೇ ಉಜ್ಜಿ ಉಜ್ಜಿ ಸೋತ ಪಾಪಗಳಿವೆ. ಬೆಟ್ಟದ ಮೇಲೆ ಪ್ರಭುವಿನ ಉಡುಪು ಲೋಕದ ಯಾವ ಅಗಸನ ಕೈಗೂ ಎಟುಕದ ಬಿಳುಪಿನಿಂದ ಹೊಳೆಯಿತೆಂದು ಸಂತ ಮಾರ್ಕ ತನ್ನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ತಿಳಿಸುತ್ತಾನೆ. ಆ ಬಿಳುಪು ದೇವರ ದಾನ. ಮುಚ್ಚಳ ತೆರೆಯುವುದು ನಮ್ಮ ಪಾಲು, ಕರೆ ತೆಗೆಯುವುದು ಅವರ ಪಾಲು.

ಆದರೆ ಒಂದು ಎಚ್ಚರಿಕೆ. ಹಳೆಯದನ್ನು ಹೊಗಳುವುದು ಸುಲಭ. ಒದ್ದೆ ಬಟ್ಟೆಯನ್ನು ಒಂದು ತೊಟ್ಟಿಯಿಂದ ಎತ್ತಿ ಡ್ರೈಯರಿಗೆ ಹಾಕುವವರು ಯಾರು? ಒಂದೇ ಕಡೆ ಭಾರ ಬಿದ್ದು ಡ್ರೈಯರ್ ಧಡಧಡ ಕುಣಿದಾಗ ಓಡಿ ಬರುವವರು ಯಾರು? ಹೆಚ್ಚಿನ ಮನೆಗಳಲ್ಲಿ ಅದು ತಾಯಿ, ಇಲ್ಲವೇ ಸೊಸೆ. ಸರಳ ಯಂತ್ರದ ಹೊರೆಯೆಲ್ಲ ಒಬ್ಬಳ ಬೆನ್ನಿನ ಮೇಲೆಯೇ ಬಿದ್ದರೆ ಅದು ಸರಳತೆಯಲ್ಲ, ಅನ್ಯಾಯ. ಅವಳ ಬೆನ್ನು ನೋಯುತ್ತಿದ್ದರೆ ಹೊಸದನ್ನು ಕೊಂಡುಕೊಡಿ, ಅದರಲ್ಲಿ ಪಾಪವಿಲ್ಲ.

ಒಗೆಯುವುದು ಕೀಳು ಕೆಲಸವೆಂದು ಯಾರೂ ಹೇಳದಿರಲಿ. ನಮ್ಮ ನೆರೆಯ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ನಡೆಸಿದರು. ಪ್ರಭು ಯೇಸು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಪಾದ ತೊಳೆದರು. 2017ರಲ್ಲಿ ರೋಮ್ ನಗರದ ತ್ರಾಸ್ತೇವೆರೆಯಲ್ಲಿ, ಪೋಪ್ ಫ್ರಾನ್ಸಿಸ್ ಅವರ ಹೆಸರಿನಲ್ಲಿ, ಮನೆಯಿಲ್ಲದ ಬಡವರಿಗಾಗಿ ಉಚಿತ ಲಾಂಡ್ರಿ ತೆರೆಯಿತು. ಅಲ್ಲಿಟ್ಟದ್ದು ಆರು ಒಗೆಯುವ ಯಂತ್ರ, ಆರು ಒಣಗಿಸುವ ಯಂತ್ರ. ಶುಭ್ರವಾದ ಅಂಗಿಯೂ ಬಡವನ ಗೌರವದ ಭಾಗವೆಂದು ಧರ್ಮಸಭೆ ಹೀಗೆ ಸಾರಿತು.

ಆದುದರಿಂದ ಈ ವಾರ ಎರಡು ಕೆಲಸ ಮಾಡೋಣ. ಗಂಡಸರೇ, ಒಂದು ದಿನವಾದರೂ ಒದ್ದೆ ಬಟ್ಟೆ ಎತ್ತಿ ಹಾಕಿ, ಹಗ್ಗದ ಮೇಲೆ ಒಣಹಾಕಿ. ನಿಮ್ಮ ಮನೆಯ ತಾಯಿ ಅಷ್ಟು ಹೊತ್ತು ಕುಳಿತುಕೊಳ್ಳಲಿ. ಆಮೇಲೆ, ಮಾತು ಬಿಟ್ಟ ಆ ಒಬ್ಬರ ಮನೆಯ ಬಾಗಿಲಿಗೆ ಹೋಗಿ. ಹಳೆಯ ಸಂಬಂಧವೆಂದು ಗುಜರಿಗೆ ಹಾಕಬೇಡಿ. ತೆರೆದು ನೋಡಿ. ಬೆಲ್ಟ್ ಒಂದು ಸಡಿಲವಾಗಿರಬಹುದು, ಅಷ್ಟೇ.

ಪ್ರಭುವೇ, ನಮ್ಮ ಹೃದಯದ ಮುಚ್ಚಳ ತೆರೆಯುವ ಧೈರ್ಯವನ್ನು ನಮಗೆ ಕೊಡಿ. ನಾವು ತೆಗೆಯಲಾರದ ಕರೆಗಳನ್ನು ನೀವೇ ತೆಗೆಯಿರಿ. ಆಮೆನ್.