ಬೆಳಿಗ್ಗೆ ಹತ್ತಕ್ಕೆ ಪಹಣಿ ಸಿಗಬೇಕು

ಬಾಬುರಾಯನಕೊಪ್ಪಲಿನ ರೈತರು ಸೊಸೈಟಿ ಸಾಲಕ್ಕೆ ಪಹಣಿ ಬೇಕೆಂದು ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಗೆ ಹೋದರೆ ಮೊದಲು ಕೇಳುವ ಮಾತು, ‘ಸರ್ವರ್ ಐತಾ ಸಾ?’ ‘ಭೂಮಿ’ ಯೋಜನೆಯ ಹೊಸತರಲ್ಲಿ, 2000ದ ಆಸುಪಾಸಿನಲ್ಲಿ, ಆ ಸರ್ವರ್ ಆಯಾ ತಾಲ್ಲೂಕು ಕಚೇರಿಯಲ್ಲೇ ಇರುತ್ತಿತ್ತು. ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿಗೆ ಪ್ರತಿ ಸಿಕ್ಕಿತು, ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಈಗ ಅದೆಲ್ಲ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿದೆ. ಎಲ್ಲೇ ಇರಲಿ, ರಾತ್ರಿ ಡಿಸ್ಕ್ ಕೈಕೊಟ್ಟರೆ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲಲ್ಲಿ ನಿಂತವರಿಗೆ ಏನು ಹೇಳುವುದು?

ಮಾಹಿತಿಯ ನಕಲನ್ನು ಟೇಪಿಗೆ ಇಳಿಸಿಡುವ ಬ್ಯಾಕಪ್ಪಿನ ಯೋಜನೆ ಶುರುವಾಗಬೇಕಾದ್ದು ಈ ಹತ್ತು ಗಂಟೆಯಿಂದ. ನಮ್ಮಲ್ಲಿ ಅದು ಕೊಟೇಶನ್ನಿನಿಂದ ಶುರುವಾಗುತ್ತದೆ.

ಲೆಕ್ಕ ಕಷ್ಟದ್ದಲ್ಲ. 100 ಮೆಗಾಬಿಟ್ ನೆಟ್‌ವರ್ಕಿನಲ್ಲಿ ಗಂಟೆಗೆ 40 ಜಿಬಿ ಸಾಗಿದರೆ ದೊಡ್ಡದು. ನಾಲ್ಕಾರು ಯಂತ್ರಗಳದ್ದು ಸೇರಿ 200 ಜಿಬಿ ಇದ್ದರೆ ಐದು ಗಂಟೆ ಹಿಡಿಯಿತು. ಅದಕ್ಕೇ ಪೂರ್ತಿ ನಕಲು ಭಾನುವಾರ, ಉಳಿದ ರಾತ್ರಿ ಬದಲಾದಷ್ಟು ಮಾತ್ರ. ಆದರೆ ಶನಿವಾರ ಕೆಟ್ಟರೆ ಭಾನುವಾರದ ಟೇಪಿನಿಂದ ಹಿಡಿದು ಶುಕ್ರವಾರದ್ದರವರೆಗೆ ಒಂದೊಂದಾಗಿ ಹಾಕಬೇಕು. ನಡುವೆ ಬುಧವಾರದ್ದು ಓದಲಿಲ್ಲವೆಂದರೆ ಅಲ್ಲಿಗೆ ನಿಂತಿತು. ಡ್ರೈವಿಗೂ ಒಂದು ಹಟವಿದೆ. ಎಲ್‌ಟಿಒ ಎಂಬ ಮಾದರಿಯ ಮೊದಲ ತಲೆಮಾರಿನ ಟೇಪ್ ಪೆಟ್ಟಿಗೆ ಅಂಗೈಯಗಲದ್ದು, ಒಳಗೆ ಅರ್ಧ ಅಂಗುಲ ಅಗಲದ, 600 ಮೀಟರಿಗೂ ಉದ್ದದ ಟೇಪ್, ಹಿಡಿಯುವುದು 100 ಜಿಬಿ. ಮಾಹಿತಿ ನಿಧಾನವಾಗಿ ಬಂದರೆ ಡ್ರೈವ್ ನಿಲ್ಲುತ್ತದೆ, ಒಂದಿಷ್ಟು ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ಮತ್ತೆ ಓಡುತ್ತದೆ. ರಾತ್ರಿಯಿಡೀ ಹೀಗೇ ಆದರೆ ಟೇಪೂ ಸವೆಯಿತು, ಹೊತ್ತೂ ಹೋಯಿತು. ಕರೆಂಟ್ ಹೋದಾಗ ಯುಪಿಎಸ್ ಎಷ್ಟು ಹೊತ್ತು ತಡೆದೀತು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಒಂದು ಮಾತು ಯೋಜನೆಯ ಹಾಳೆಯಲ್ಲಿ ಕಾಣುವುದೇ ಅಪರೂಪ. ರಾತ್ರಿ ಮಾತ್ರ ನಕಲು ಎಂದಮೇಲೆ ಸಂಜೆ ನಾಲ್ಕಕ್ಕೆ ಡಿಸ್ಕ್ ಕೆಟ್ಟರೆ ಆ ದಿನ ಏರಿಸಿದ ಖಾತೆ ಬದಲಾವಣೆಗಳು ಟೇಪಿನಲ್ಲಿ ಇರುವುದಿಲ್ಲ. ಆ ದಿನದ ಅರ್ಜಿಗಳ ಕಟ್ಟು ಗುಮಾಸ್ತರ ಮೇಜಿನ ಮೇಲಿದ್ದರೆ ಮತ್ತೆ ಏರಿಸಬಹುದು. ಟೇಪ್ ಓದಿ ನೋಡುವ ತನಕ ಆ ಕಟ್ಟನ್ನು ರೆಕಾರ್ಡ್ ರೂಮಿಗೆ ಸಾಗಿಸಬಾರದು.

ಕ್ಲೌಡ್ ಇರುವಾಗ ಟೇಪ್ ಯಾಕೆ ಎನ್ನುವವರಿದ್ದಾರೆ. 2011ರ ಫೆಬ್ರುವರಿಯಲ್ಲಿ ಜಿಮೇಲ್‌ನ ಶೇ 0.02ರಷ್ಟು ಬಳಕೆದಾರರ ಪತ್ರಗಳು ಕಾಣೆಯಾದವು. ಗೂಗಲ್ ಹಲವು ಡೇಟಾ ಸೆಂಟರ್‌ಗಳಲ್ಲಿ ನಕಲು ಇಟ್ಟಿತ್ತು. ಸಾಫ್ಟ್‌ವೇರ್ ದೋಷ ಆ ನಕಲುಗಳಿಗೂ ಹಬ್ಬಿತ್ತು. ಪತ್ರಗಳು ವಾಪಸು ಬಂದದ್ದು ನೆಟ್‌ವರ್ಕಿನಿಂದ ಬಿಡಿಸಿಟ್ಟ ಟೇಪಿನಿಂದ. ನಮ್ಮ ಟೇಪನ್ನು ಸರ್ವರ್ ಇರುವ ಕೋಣೆಯ ಬೀರುವಿನಲ್ಲೇ ಇಟ್ಟರೆ ಬೆಂಕಿಗೆ ಎರಡೂ ಒಂದೇ. ವಾರಕ್ಕೊಂದಾದರೂ ಪೆಟ್ಟಿಗೆ ಬೇರೆ ಕಟ್ಟಡಕ್ಕೆ ಹೋಗಲಿ, ಜಿಲ್ಲಾ ಖಜಾನೆಯೋ ಬ್ಯಾಂಕಿನ ಲಾಕರೋ.

ಹೀಗೆ ಜೋಪಾನ ಮಾಡಿದ ಟೇಪನ್ನು ಓದಲು ಡ್ರೈವ್ ಬೇಕಲ್ಲ! ಏಳನೆಯ ತಲೆಮಾರಿನವರೆಗಿನ ಎಲ್‌ಟಿಒ ಡ್ರೈವ್‌ಗಳು ತಮಗಿಂತ ಎರಡು ತಲೆಮಾರು ಹಿಂದಿನ ಟೇಪನ್ನೂ ಓದುತ್ತಿದ್ದವು; ಎಂಟನೆಯದು ಒಂದನ್ನಷ್ಟೇ ಓದುತ್ತದೆ. ಹಳೆಯ ಡ್ರೈವನ್ನು ಗುಜರಿಗೆ ಹಾಕುವ ಕಡತಕ್ಕೆ ಸಹಿ ಬೀಳುವ ಮುಂಚೆ ಅದರ ಟೇಪ್‌ಗಳನ್ನೆಲ್ಲ ಹೊಸದಕ್ಕೆ ಇಳಿಸಿಕೊಂಡಿರಬೇಕು. ಆ ಕೆಲಸದ ಖರ್ಚನ್ನು ಹೊಸ ಡ್ರೈವಿನ ಟೆಂಡರಿನಲ್ಲೇ ಸೇರಿಸಿದರೆ ಆಮೇಲೆ ಅನುದಾನಕ್ಕೆ ಅಲೆಯುವುದು ತಪ್ಪುತ್ತದೆ.