ಸರ್ವತ್ರ

ಹಲಸೂರು ಕೆರೆ ಹತ್ತಿರ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇದೆಯಲ್ಲ, ನಿಮ್ಮಲ್ಲಿ ಎಷ್ಟೋ ಜನ ಆ ಕಡೆ ಓಡಾಡಿದ್ದೀರಿ. ನಮ್ಮ ಸೇನೆಯ ಇಂಜಿನಿಯರುಗಳ ಧ್ಯೇಯವಾಕ್ಯ ಒಂದೇ ಪದ: ಸರ್ವತ್ರ. ಅಂದ್ರೆ ಎಲ್ಲೆಲ್ಲೂ.

ಬ್ರಿಟಿಷರ ರಾಯಲ್ ಇಂಜಿನಿಯರ್ಸ್ ಲಾಂಛನದಲ್ಲೂ ಇದೇ ಅರ್ಥದ ಲ್ಯಾಟಿನ್ ಪದ ಇದೆ, ‘ಯೂಬಿಕ್ವೆ’. ಉರಿಯುವ ಗ್ರೆನೇಡು, ಒಂಬತ್ತು ಜ್ವಾಲೆ, ಕೆಳಗೆ ಆ ಪದ. 1832ರಲ್ಲಿ ನಾಲ್ಕನೇ ವಿಲಿಯಂ ದೊರೆ ಕೊಟ್ಟದ್ದು. ಬೇರೆ ರೆಜಿಮೆಂಟುಗಳು ತಾವು ಹೋರಾಡಿದ ಯುದ್ಧಗಳ ಹೆಸರನ್ನ ಧ್ವಜದ ಮೇಲೆ ಹಾಕಿಸಿಕೊಳ್ತಾವೆ. ಇವರಿಗೆ ಆ ಪಟ್ಟಿಯ ಬದಲು ಈ ಒಂದೇ ಪದ. ಎಲ್ಲಾ ಕಡೆ ಇದ್ದವರಿಗೆ ಒಂದೊಂದು ಊರಿನ ಹೆಸರು ಯಾಕೆ ಬೇಕು? ರಾತ್ರಿಯಿಡೀ ಸೇತುವೆ ಹಾಕ್ತಾರೆ. ಬೆಳಿಗ್ಗೆ ದಾಟುವವರು ಅವರ ಮುಖವನ್ನೂ ನೋಡೋದಿಲ್ಲ.

ಮನುಷ್ಯರ ವಿಷಯದಲ್ಲಿ ‘ಎಲ್ಲೆಲ್ಲೂ’ ಅನ್ನೋದು ಸ್ವಲ್ಪ ದೊಡ್ಡ ಮಾತೇ, ಬಿಡಿ. ದೇವರ ವಿಷಯದಲ್ಲಿ? 139ನೇ ಕೀರ್ತನೆಯಲ್ಲಿ ದಾವೀದನು ಪಾತಾಳದಲ್ಲೂ ದೇವರಿದ್ದಾನೆ ಅಂತಾನೆ. ನಾನು ಅದನ್ನ ಎಷ್ಟೋ ಸಲ ಬೋಧಿಸಿದ್ದೆ. ಆದರೆ ನಮ್ಮ ಅಮ್ಮ ತೀರಿಹೋದ ರಾತ್ರಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು, “ಕರ್ತನೇ, ಎಲ್ಲಿದ್ದೀ?” ಅಂತ ಕೋಪದಿಂದಲೇ ಕೇಳಿದೆ. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಿನ ವಾಚ್‌ಮನ್ ಒಬ್ಬರು ಟೀ ತಂದುಕೊಟ್ಟು, ಏನೂ ಮಾತಾಡದೆ, ಬೆಳಗಾಗೋ ತನಕ ಪಕ್ಕದಲ್ಲಿ ಕೂತರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಈ ವಾರ ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ನೀವು ಕೂತೇ ಇರಿ. ಉಳಿದವರು ಎದ್ದು ಅವರ ಪಕ್ಕಕ್ಕೆ ಹೋಗಿ. ಪ್ರಾರ್ಥಿಸೋಣ.